ಸಭೆಯಲ್ಲಿ ವೈನಿ ಹೇಳಿದ ಒಡಪು

ಕಳೆದ ವಾರ ಕಪಾಟು ತೆಗೆದು ಹಳೆಯ ಸೀರೆಗಳನ್ನು ಬಿಸಿಲಿಗೆ ಹಾಕುವಾಗ ಎಲ್ಲಕ್ಕಿಂತ ಕೆಳಗೆ ಒಂದು ಬಟ್ಟೆಯ ಚೀಲ ಸಿಕ್ಕಿತು. ಅದರ ಮೇಲೆ ಕೆಂಪು ಹೃದಯ, ಹೃದಯದೊಳಗೆ ಒಂದು ಲೇಖನಿ. ಮೂಗಿಗೆ ಮೊದಲು ಬಡಿದದ್ದು ನುಸಿಗುಳಿಗೆಯ ವಾಸನೆ. ಆಮೇಲೆ, ಮೂಲೆಯಲ್ಲಿದ್ದ ಎಣ್ಣೆಯ ಕಲೆಯ ಹತ್ತಿರ ಹಿಡಿದಾಗ, ತೀರ ಸಣ್ಣಗೆ ಶೇಂಗಾ ಚಟ್ನಿಯ ವಾಸನೆ... ಇಷ್ಟು ವರ್ಷವಾದ ಮೇಲೆ ವಾಸನೆ ಉಳಿದಿರುವುದು ಸಾಧ್ಯವಿಲ್ಲ, ನನ್ನ ಭ್ರಮೆಯೇ ಇರಬೇಕು. ಮಗಳು ನೋಡಿ, "ಮಮ್ಮಿ, ಇದು ಫೇಂಕ್ ಮಾಡ್ಲಾ?" ಎಂದಳು. ಬಿಸಾಡುವುದು ಬೇಡ, ಸುಮ್ಮನೆ ಇಡು ಎಂದು ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು.

ಆ ಚೀಲವನ್ನು ಮುಂಬೈಯ ಪರೇಲಿನಲ್ಲಿ ಕೊಟ್ಟಿದ್ದರು. ಏಳೆಂಟು ವರ್ಷವಾಗಿರಬೇಕು. ಹಳೆಯ ಮಿಲ್ಲಿನ ಜಾಗದಲ್ಲಿ ಎದ್ದ ಗಾಜಿನ ಬಿಲ್ಡಿಂಗ್ ಒಂದರಲ್ಲಿ ಎರಡು ದಿನ ಪ್ರೇಮಕಥೆ ಬರೆಯುವವರ ಸಮಾವೇಶ. ಪ್ರೇಮಕಥೆ ಬರೆಯುವವರಿಗೂ ಒಂದು ಸಮಾವೇಶವೇ ಎಂದು ನಮ್ಮ ಯಜಮಾನರು ಊಟದ ತಟ್ಟೆಯ ಮುಂದೆ ನಕ್ಕಿದ್ದರು. ನನಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅಷ್ಟರಲ್ಲಿ ನನ್ನ ಮೂರು ಕಾದಂಬರಿಗಳು ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದಿದ್ದವು. ನಾವಿದ್ದ ಸಯನ್‌ನ ಕನ್ನಡದ ಹೆಂಗಸರು ನನ್ನನ್ನು ಕಾದಂಬರಿ ಬರೆಯುವವರು ಎಂದು ಪರಿಚಯಿಸುತ್ತಿದ್ದರು, ನಾನೂ ಕತ್ತು ಸ್ವಲ್ಪ ಮೇಲೆತ್ತಿಕೊಂಡೇ ತಿರುಗುತ್ತಿದ್ದೆ. ಆ ಸಮಾವೇಶದಲ್ಲಿ ಪ್ರಕಾಶಕರ ಕಡೆಯ ಸಂಪಾದಕರು ಮೇಜು ಹಾಕಿಕೊಂಡು ಕೂರುತ್ತಾರೆ, ಒಬ್ಬೊಬ್ಬ ಲೇಖಕರಿಗೂ ಹತ್ತು ನಿಮಿಷ ಕೊಡುತ್ತಾರೆ, ಹಿಡಿಸಿದರೆ ಕಾದಂಬರಿ ಮರಾಠಿಗೂ ಹಿಂದಿಗೂ ಹೋಗುತ್ತದೆ ಎಂದು ತಿಳಿದಾಗಿನಿಂದ ನನಗೆ ನಿದ್ದೆ ಹತ್ತಿರಲಿಲ್ಲ.

ಈಗ ವೈನಿಯ ವಿಷಯ ಹೇಳಬೇಕು. ಅವರು ನಮ್ಮ ಎದುರು ಬಾಗಿಲಿನವರು. ವಿಜಯಪುರದ ಕಡೆಯವರು, ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಗಂಡ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಊರಿಗೆ ಬಾ ಎಂದು ಅತ್ತೆ ಎಷ್ಟು ಹೇಳಿದರೂ ವೈನಿ ಹೋಗಲಿಲ್ಲ. ಖಡಕ್ ರೊಟ್ಟಿ ಬಡಿದು ಸಯನ್, ಮಾತುಂಗಾದ ನಮ್ಮ ಕಡೆಯ ಮನೆಗಳಿಗೆ ಕೊಟ್ಟು ತಮ್ಮ ಪಾಡಿಗೆ ತಾವು ಇದ್ದರು. ವೈನಿ ಎಂದರೆ ಅತ್ತಿಗೆ; ಇಡೀ ಮಹಡಿಗೆ ಅವರು ವೈನಿ, ನನಗೂ ವೈನಿ. ನನ್ನನ್ನು ಅವರು ತಂಗಿ ಎನ್ನುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ನಾನು ಅಂದು ಬರೆದ ಹಾಳೆಗಳನ್ನು ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಅವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ನಾನು ಓದುತ್ತಿದ್ದೆ. ಹೊಗಳುವುದು, ತೆಗಳುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ನಾನು ಅವರ ಕೈ ನೋಡುತ್ತಿದ್ದೆ, ಅಷ್ಟೆ. ಕೈ ನಿಂತ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆ. ಎರಡು ಪುಟ ಓದಿದರೂ ಕೈ ನಿಲ್ಲದಿದ್ದರೆ ಮನೆಗೆ ಬಂದು ಆ ಎರಡು ಪುಟ ಹರಿದು ಹಾಕುತ್ತಿದ್ದೆ. ನನ್ನ ಕಾದಂಬರಿಗಳಲ್ಲಿ ಜನ ಮೆಚ್ಚಿದ ಭಾಗಗಳೆಲ್ಲ ಆ ಮೊರದ ಮುಂದೆ ಪಾಸಾದವು. ಇದನ್ನು ನಾನು ಯಾವ ಮುನ್ನುಡಿಯಲ್ಲೂ ಬರೆಯಲಿಲ್ಲ.

ವೈನಿಗೆ ಇನ್ನೊಂದು ಕಲೆ ಒಲಿದಿತ್ತು. ಒಡಪು. ನಮ್ಮ ಕಡೆ ಮದುವೆ, ಸೀಮಂತ, ಅರಿಶಿಣ ಕುಂಕುಮ ಏನೇ ಇರಲಿ, ಹೆಣ್ಣುಮಕ್ಕಳು ಗಂಡನ ಹೆಸರು ಹೇಳಬೇಕು. ಬರೀ ಹೆಸರು ಹೇಳಿದರೆ ಆಗದು, ಪ್ರಾಸವಿರುವ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಮರಾಠಿಯವರು ಉಖಾಣೆ ಎನ್ನುವುದು ಇದಕ್ಕೇ. ಮುಂಬೈಯಲ್ಲಿ ಹುಟ್ಟಿದ ಹುಡುಗಿಯರಿಗೆ ಕನ್ನಡವೇ ತಡವರಿಸುವಾಗ ಒಡಪು ಎಲ್ಲಿಂದ ಬರಬೇಕು? ಮದುವೆ ಗೊತ್ತಾದ ಕೂಡಲೇ ಅವರ ತಾಯಂದಿರು ವೈನಿಯ ಬಾಗಿಲು ಬಡಿಯುತ್ತಿದ್ದರು. ವೈನಿ ಹುಡುಗಿಯನ್ನೇ ಕರೆಸಿ ಮೂರು ಪ್ರಶ್ನೆ ಕೇಳುತ್ತಿದ್ದರು: ಹುಡುಗನ ಹೆಸರೇನು, ಕೆಲಸವೇನು, ಅವನಲ್ಲಿ ನಿನಗೆ ಸೇರದ ಗುಣ ಯಾವುದು. ಮರುದಿನ ರೊಟ್ಟಿ ಕಟ್ಟಿನ ಜೊತೆ ಒಡಪು ತಯಾರು. ಲೋಕಲ್‌ನಲ್ಲಿ ಕೂತ ತಕ್ಷಣ ನಿದ್ದೆ ಹೋಗಿ ಇಳಿಯುವ ಸ್ಟೇಷನ್ ದಾಟಿ ಹೋಗುತ್ತಿದ್ದ ಒಬ್ಬ ಅಳಿಯನಿದ್ದ. ಅವನ ಹೆಂಡತಿಗೆ ಮಾಡಿಕೊಟ್ಟದ್ದು ನನಗಿನ್ನೂ ಬಾಯಿಪಾಠ:

"ಠಾಣೆ ಬಂತು, ಕಲ್ಯಾಣ ಬಂತು, ಕಣ್ಣ ತೆರೀಲಿಲ್ಲ,
ಸುರೇಶರಾಯರ ನಿದ್ದಿ ಮುಂದ ನಂದೇನೂ ನಡೀಲಿಲ್ಲ."

ಆ ಮದುವೆಮನೆ ಬಿದ್ದು ಬಿದ್ದು ನಕ್ಕಿತ್ತು. ನಾನೂ ನಕ್ಕೆ. ಈ ಜನಕ್ಕೆ ನನ್ನ ಮುನ್ನೂರು ಪುಟದ ಕಾದಂಬರಿಯ ನಾಯಕಿಯ ಹೆಸರು ನೆನಪಿರುತ್ತಿರಲಿಲ್ಲ. ವೈನಿಯ ಎರಡು ಸಾಲನ್ನು ಮಾತ್ರ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದರು. ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ, ಅದು ಹೊಟ್ಟೆಕಿಚ್ಚೇ.

ಊರಿಗೆಲ್ಲ ಒಡಪು ಮಾಡಿಕೊಟ್ಟ ವೈನಿ ತಮ್ಮದೊಂದು ಹೇಳುತ್ತಿರಲಿಲ್ಲ. ಗಂಡ ಹೋದವರು ಒಡಪು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಸಾಲಾಗಿ ಹೇಳುತ್ತ ಬಂದು ಅವರ ಸರದಿ ಹತ್ತಿರವಾದಾಗ ಅವರು ನೀರು ತರುತ್ತೇನೆಂದು ಎದ್ದು ಒಳಗೆ ಹೋಗುತ್ತಿದ್ದರು. ಉಳಿದವರು ಏನೂ ಆಗದವರಂತೆ ಮುಂದಿನವಳ ಕಡೆ ತಿರುಗುತ್ತಿದ್ದರು.

ಸಮಾವೇಶಕ್ಕೆ ನಾನು ಎರಡು ತಿಂಗಳು ತಯಾರಿ ನಡೆಸಿದೆ. ಬೈಕುಲ್ಲಾದ ಗಲ್ಲಿಯೊಂದರ ಪ್ರೆಸ್ಸಿನಲ್ಲಿ ನನ್ನ ಹೆಸರಿನ ಕಾರ್ಡು ಹಾಕಿಸಿದೆ. ಜೊತೆಗೆ ಬಂದಿದ್ದ ವೈನಿ, ಇವರು ದೊಡ್ಡ ಲೇಖಕಿ, ಕಾಗದ ಒಳ್ಳೆಯದು ಹಾಕಿ ಎಂದು ಪ್ರೆಸ್ಸಿನವನಿಗೆ ಮರಾಠಿಯಲ್ಲಿ ತಾಕೀತು ಮಾಡಿದರು. ಕಾದಂಬರಿಯ ಸಾರಾಂಶವನ್ನು ಒಂದೇ ಪುಟಕ್ಕೆ ಇಳಿಸಿದೆ, ಮಗಳು ಗೊಣಗುತ್ತ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟಳು. ಮೇಜಿನ ಮುಂದೆ ಹೇಳಬೇಕಾದದ್ದನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಿ ವೈನಿಯ ಮುಂದೆ ಒಪ್ಪಿಸಿದೆ. ಒಪ್ಪಿಸುವಾಗಲೆಲ್ಲ ನಡುವೆ ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

"ಯಾಕಿಷ್ಟು ಅಂಜತೀ ತಂಗಿ? ಕಥಿ ನಿಂದ, ಹೇಳಾಕಿ ನೀ," ಎಂದರು ವೈನಿ.

ಒಬ್ಬ ಜೊತೆಗಾರರನ್ನು ಕರೆತರಬಹುದು ಎಂದು ಅರ್ಜಿಯಲ್ಲಿತ್ತು. ಒಬ್ಬಳೇ ಹೋಗಲು ಧೈರ್ಯವಿಲ್ಲದ್ದರಿಂದ ವೈನಿಯ ಹೆಸರು ತುಂಬಿದೆ. ನನಗೋಸ್ಕರ ಅವರು ಎರಡು ದಿನ ರೊಟ್ಟಿಯ ಕೆಲಸ ನಿಲ್ಲಿಸಿದರು. ಬಾಗಿಲಲ್ಲಿ ನನಗೆ ಕೊಟ್ಟ ಬಿಲ್ಲೆಯ ಮೇಲೆ ಲೇಖಕಿ ಎಂದಿತ್ತು, ಅವರದರ ಮೇಲೆ ಜೊತೆಗಾರರು ಎಂದಿತ್ತು. ಅದನ್ನು ನೋಡಿ ನನಗೆ ಒಳಗೊಳಗೇ ಸಮಾಧಾನವಾದದ್ದು ನಿಜ. ಅಲ್ಲಿ ಕೊಟ್ಟ ಬಟ್ಟೆಯ ಚೀಲದೊಳಗೆ ವೈನಿ ಊಟದ ಡಬ್ಬಿ ಇಟ್ಟರು, ಚಟ್ನಿಯ ಎಣ್ಣೆ ಇಳಿದದ್ದು ಹಾಗೆ.

ಮೊದಲ ದಿನವೇ ನನ್ನ ಹತ್ತು ನಿಮಿಷ ಬಂತು. ಸಂಪಾದಕಿ ಮರಾಠಿಯ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಕುತ್ತಿಗೆಗೆ ನೇತುಹಾಕಿದ ಕನ್ನಡಕ. ಬಾಯಿಪಾಠ ಮಾಡಿದ್ದನ್ನು ಒಂದಕ್ಷರ ತಪ್ಪದೆ ಹೇಳಿದೆ. ನಾಲ್ಕೇ ನಿಮಿಷಕ್ಕೆ ಮುಗಿಯಿತು. ಆಕೆ ಕಾರ್ಡು ತೆಗೆದುಕೊಂಡು, ಮೊದಲ ಅಧ್ಯಾಯಗಳನ್ನು ಇಂಗ್ಲಿಷಿಗೆ ಮಾಡಿಸಿ ಮೇಲ್ ಮಾಡಿ ಎಂದು ಮರ್ಯಾದೆಯಿಂದಲೇ ಹೇಳಿದಳು. ಉಳಿದ ಆರು ನಿಮಿಷ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಪ್ರೀತಿಯ ಬಗ್ಗೆ ಎರಡೇ ಸಾಲು ಹೇಳಿ ಎಂದು ಮೈಕು ಹಿಡಿದು ಬಂದರು. ಮರಾಠಿಯ ಹೆಂಗಸರು ಉಖಾಣೆ ಹೇಳಿ ನಗಿಸಿದರು. ಮೈಕು ನನ್ನ ಹತ್ತಿರ ಬಂದಾಗ ತಲೆ ಖಾಲಿ. ನನ್ನ ಕಾದಂಬರಿಯದೇ ಒಂದು ವಾಕ್ಯವನ್ನು ಹಿಂದಿಯಲ್ಲಿ ತೊದಲಿದೆ, ಮಳೆಹನಿ ಬಿದ್ದಂತೆ ನಾಲ್ಕು ಚಪ್ಪಾಳೆ ಬಿದ್ದವು. ಮೈಕು ವೈನಿಯ ಕಡೆ ಹೋಯಿತು. ಅವರು ಜೊತೆಗಾರರ ಬಿಲ್ಲೆ ತೋರಿಸಿ ತಲೆ ಅಲ್ಲಾಡಿಸಿದರು. ಮೈಕಿನ ಹುಡುಗಿ ಬಿಡಲಿಲ್ಲ. ನೀರು ತರಲು ಎದ್ದು ಹೋಗೋಣವೆಂದರೆ ಅಲ್ಲಿ ಅಡುಗೆಮನೆ ಇರಲಿಲ್ಲ.

ವೈನಿ ಸೆರಗು ಸರಿಮಾಡಿಕೊಂಡು ನಿಂತರು. ಕನ್ನಡದಲ್ಲಿ ಒಡಪು ಹೇಳಿದರು. ಗಂಡನ ಹೆಸರು ಹಾಕಿ. ಆಮೇಲೆ ತಾವೇ ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿ, ಅವರು ಹೋಗಿ ಹನ್ನೆರಡು ವರ್ಷವಾಯಿತು ಎಂದು ಕೂತುಬಿಟ್ಟರು. ಆಮೇಲೆ ಬಿದ್ದ ಚಪ್ಪಾಳೆ... ನನ್ನ ಪಕ್ಕದಲ್ಲೇ, ನನ್ನ ಕಿವಿಯ ಮೇಲೇ ಬಿತ್ತು. ಯಾರೋ ಎದ್ದು ಬಂದು ಅವರ ಕೈ ಹಿಡಿದರು. ಮೈಯೆಲ್ಲ ಉರಿಯಿತು ನನಗೆ.

ಚಹಾದ ಹೊತ್ತಿಗೆ ಆ ಸಂಪಾದಕಿ ನಮ್ಮನ್ನು ಹುಡುಕಿಕೊಂಡು ಬಂದಳು. ನಮ್ಮನ್ನು ಎಂದೆ, ನನ್ನನ್ನು ಆಕೆ ನೋಡಲೂ ಇಲ್ಲ. ಇಂಥವು ಇನ್ನೂ ಇವೆಯೇ ಎಂದು ವೈನಿಯನ್ನು ಕೇಳಿದಳು. ವೈನಿ ಸಂಕೋಚದಿಂದ ಮರಾಠಿಯಲ್ಲಿ ಹೇಳಿದ್ದನ್ನು ಕೇಳಿ ನಾನು ಚಹಾದ ಲೋಟ ಕೆಳಗಿಟ್ಟೆ. ಗಂಡ ಹೋದ ಮೇಲೂ ಅವರು ಒಡಪು ಮಾಡುವುದು ಬಿಟ್ಟಿರಲಿಲ್ಲವಂತೆ. ರೊಟ್ಟಿ ಬಡಿಯುವಾಗ ಮನಸ್ಸಿನಲ್ಲೇ ಕಟ್ಟಿ ಮನಸ್ಸಿನಲ್ಲೇ ಹೇಳುತ್ತಿದ್ದರಂತೆ. ಎಲ್ಲವೂ ಆ ಒಬ್ಬ ಮನುಷ್ಯನ ಹೆಸರಿಗೆ, ಯಾರಿಗೂ ಹೇಳಿಲ್ಲ, ಬರೆದಿಟ್ಟಿಲ್ಲ. ಸಂಪಾದಕಿ ಅವರ ಕೈ ಹಿಡಿದುಕೊಂಡೇ, ಒಂದು ಐವತ್ತು ನೆನಪು ಮಾಡಿಕೊಂಡು ಬರೆಸಿ, ಪುಸ್ತಕ ಮಾಡೋಣ, ಈ ಎರಡು ದಿನದಲ್ಲಿ ನಾನು ಕೇಳಿದ ಪ್ರೇಮಕಥೆ ಇದೊಂದೇ ಎಂದಳು. ಬರೆದುಕೊಡುವುದಕ್ಕೆ ಇವರಿದ್ದಾರಲ್ಲ ಎಂದು ನನ್ನ ಕಡೆ ಕೈ ತೋರಿಸಿದಳು. ವೈನಿಯ ಮುಖ ಅರಳಿತು. ಹುಡುಗಿಯ ಮುಖದ ಹಾಗೆ.

ನಾನು ಹದಿನೈದು ವರ್ಷ ಪ್ರೀತಿಯನ್ನೇ ಬರೆದವಳು. ಒಂದು ದಿನಕ್ಕಾದರೂ ಯಾರನ್ನಾದರೂ ಹಾಗೆ ಪ್ರೀತಿಸಿದ್ದೆನೇ? ಯಜಮಾನರು ಒಳ್ಳೆಯವರು, ಉಣ್ಣುತ್ತಾರೆ, ಮಲಗುತ್ತಾರೆ. ಅವರ ಹೆಸರಿನ ಒಡಪನ್ನು ನಾನು ವೈನಿಯಿಂದಲೇ ಮಾಡಿಸಿಕೊಂಡಿದ್ದೆ. ಸತ್ತ ಗಂಡನ ಮೇಲಿನ ಅವರ ಪ್ರೀತಿಯನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

ಸಂಪಾದಕಿಗೆ ತಿಳಿಯದ ಕನ್ನಡದಲ್ಲಿ, ಕಾಳಜಿ ಇರುವವಳಂತೆ ದನಿ ತಗ್ಗಿಸಿ ಹೇಳಿದೆ: "ವೈನಿ, ಊರಾಗ ನಿಮ್ಮ ಅತ್ತಿಯವರಿಗೆ ಗೊತ್ತಾದ್ರ ಏನಂದಾರು? ಗಂಡ ಇಲ್ಲದಾಕಿ ಸಭಾದಾಗ ನಿಂತು ಒಡಪು ಹೇಳಿದ್ಲು ಅಂತ."

ಅವರು ನನ್ನನ್ನು ನೋಡಿದರು. ಆಮೇಲೆ ಸಂಪಾದಕಿಯ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, ಎರಡೂ ಕೈ ಜೋಡಿಸಿ, ಆಗುವುದಿಲ್ಲ ತಾಯಿ ಎಂದರು. ಆಕೆ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ.

ಪರೇಲಿನಿಂದ ಸಯನ್‌ವರೆಗೆ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ನನ್ನನ್ನೇ ಕೂರಿಸಿದರು, ತಾವು ನಿಂತರು. ಮಾತುಂಗಾ ದಾಟಿದ ಮೇಲೆ, ಕೋಪವಿಲ್ಲದೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

"ನೀವು ಬರಿಯೋರು. ಎಲ್ಲಿ ಮುಟ್ಟಿದ್ರ ನೋಯತದ ಅನ್ನೂದು ನಿಮಗ ಛಲೋ ಗೊತ್ತದ."

ಅಂದಿನಿಂದ ನಾನು ಅವರ ತಂಗಿಯಾಗಿ ಉಳಿಯಲಿಲ್ಲ. ಜಗಳವೇನೂ ಆಗಲಿಲ್ಲ. ರೊಟ್ಟಿ ಬರುತ್ತಿತ್ತು, ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ನಾನು ಹಾಳೆ ಹಿಡಿದು ಹೋದರೆ, ಕಣ್ಣು ಎಳೀತಾವ್ರಿ, ಸ್ವಲ್ಪ ಮಲಗತೇನಿ ಎನ್ನುತ್ತಿದ್ದರು. ಎರಡು ಸಲ ಹೋದೆ, ಮೂರನೆಯ ಸಲ ಹೋಗಲಿಲ್ಲ. ಮುಂದೆ ಮದುವೆ ಮನೆಯವರು ಬಂದರೂ, ಈಗ ಏನೂ ಹೊಳೆಯುವುದಿಲ್ಲ ಎಂದು ಕಳಿಸಿಬಿಡುತ್ತಿದ್ದರಂತೆ.

ತಿಂಗಳೊಪ್ಪತ್ತಿನಲ್ಲಿ ಸಂಪಾದಕಿಯ ಮೇಲ್ ಬಂತು. ನನ್ನ ಅಧ್ಯಾಯಗಳನ್ನು ಎರಡು ಸಾಲಿನಲ್ಲಿ ತಿರಸ್ಕರಿಸಿ, ಅದರ ಕೆಳಗೆ ಒಡಪು ಹೇಳಿದ ಆ ಹೆಂಗಸಿನ ಫೋನ್ ನಂಬರು ಕೊಡುತ್ತೀರಾ, ನಾನೇ ಬಂದು ಮಾತಾಡುತ್ತೇನೆ ಎಂದು ಬರೆದಿದ್ದಳು. ಎದುರು ಬಾಗಿಲು ಆರು ಹೆಜ್ಜೆ ದೂರದಲ್ಲಿತ್ತು. ಅವರಿಗೆ ಇಷ್ಟವಿಲ್ಲ ಎಂದು ಉತ್ತರಿಸಿದೆ. ಇನ್ನೊಂದು ಸಲ ಬರೆದಳು, ಅದಕ್ಕೆ ಉತ್ತರ ಕೊಡಲಿಲ್ಲ.

ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತೇವೆಂದು ಎಲ್ಲರನ್ನೂ ಎಬ್ಬಿಸಿದಾಗ ವೈನಿ ವಿಜಯಪುರಕ್ಕೆ ತಮ್ಮನ ಮನೆಗೆ ಹೋದರು. ಹೋಗುವಾಗ ನಮ್ಮ ಯಜಮಾನರಿಗೂ ಮಗಳಿಗೂ ಹೇಳಿ ಹೋದರು, ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಹೋದ ವರ್ಷ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ಮೂರು ತಿಂಗಳಾದ ಮೇಲೆ, ಮಾತುಂಗಾದಲ್ಲಿ ಹೂ ಕೊಳ್ಳುವಾಗ ಸಿಕ್ಕ ಅವರ ಹಳೆಯ ಗಿರಾಕಿಯೊಬ್ಬರಿಂದ. ಹೂ ಕೊಂಡೆ, ಮನೆಗೆ ಬಂದೆ, ಏನೂ ಮಾಡಲು ತೋಚಲಿಲ್ಲ.

ಈಗ ಒಂದು ವಾರದಿಂದ ಅವರ ಆ ಒಡಪನ್ನು ಬರೆದಿಡಬೇಕೆಂದು ಕೂರುತ್ತಿದ್ದೇನೆ. "ಲೋಕಲ್ ಬಂತು, ಇಳಿಯೋರೆಲ್ಲ ಇಳಿದ್ರು..." ಎಂದು ಶುರುವಾಗುತ್ತಿತ್ತು. ಮುಂದೆ ಅವರ ಗಂಡನ ಹೆಸರು ಬರುತ್ತಿತ್ತು. ಅದರ ಸುತ್ತ ಏನಿತ್ತೋ... ಬರುತ್ತಿಲ್ಲ. ಒಂದೆರಡು ಸಲ ನಾನೇ ಪ್ರಾಸ ಜೋಡಿಸಲು ನೋಡಿದೆ, ನನ್ನ ಸಾಲು ನನ್ನದಾಗಿಯೇ ಕಂಡಿತು, ಹೊಡೆದು ಹಾಕಿದೆ. ಅವರು ಮಾಡಿಕೊಟ್ಟ ಒಡಪುಗಳನ್ನು ಆಯಾ ಹುಡುಗಿಯರು ಇವತ್ತಿಗೂ ಹೇಳುತ್ತಾರೆ. ಇದೊಂದನ್ನು ಮಾತ್ರ ಅವರು ಜೀವಮಾನದಲ್ಲಿ ಒಮ್ಮೆ, ಆ ಹಾಲ್‌ನಲ್ಲಿ, ಬಾಯಿಬಿಟ್ಟು ಹೇಳಿದ್ದರು. ಇನ್ನೂರು ಜನರಿದ್ದರು. ಕನ್ನಡ ಬಲ್ಲ ಕಿವಿ ನನ್ನದೊಂದೇ ಇತ್ತು, ಮತ್ತು ಆ ಹೊತ್ತಿನಲ್ಲಿ ನಾನು ಯಾರ್ಯಾರು ಅವರನ್ನು ನೋಡುತ್ತಿದ್ದಾರೆ ಎಂದು ನೋಡುತ್ತಿದ್ದೆ.