ತೆಯೊಡ್ಯೂಲ್ ಮಾಡಿದ ಏಳು ಕುರ್ಚಿಗಳು

ಗಂಡ ತೀರಿಕೊಂಡ ಮೂರನೇ ವಾರ ನಮ್ಮ ಸೇಂಟ್ ಒದೀಲ್ ದ್ವೀಪದ ಶಾಸನಸಭೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ತೆಯೊಡ್ಯೂಲ್‌ನನ್ನು ಮೊದಲು ಕಂಡದ್ದು ಆ ದಿನವೇ. ಸಭೆಗೆ ಕುರ್ಚಿ ಹಾಕುವ ಬಡಗಿ ಅವನು. ಮೇಜಿನ ಕೆಳಗೆ ಮಲಗಿ ಅದರ ಕಾಲು ಬಿಗಿ ಮಾಡುತ್ತಿದ್ದ.

“ಓದಕ್ಕೆ ಬರತ್ತಾ ತಾಯಿ?”

“ನನ್ನ ಹೆಸರು ಬರೀತೀನಿ ಅಣ್ಣ. ಅಷ್ಟೇ.”

“ಸಾಕು. ಇಲ್ಲಿ ಕುರ್ಚಿ ಓದಿದ್ರೆ ಆಯ್ತು.”

ಓದಿಸಿದ. ಮೇಜಿನ ತುದಿಗೆ ಬ್ರಿಟಿಷ್ ಆಡಳಿತಾಧಿಕಾರಿ. ಬಲಕ್ಕೆ ಸರ್ಕಾರಿ ಅಧಿಕಾರಿಗಳು ಮೂವರು. ಎಡಕ್ಕೆ, ಬೇರೆ ದ್ವೀಪದಲ್ಲಿ ಕೂತ ಗವರ್ನರ್ ಹೆಸರಿಸಿದ ಮೂವರು ತೋಟದ ಒಡೆಯರು. ಎಡಬಲದ ಈ ಆರು ಜನಕ್ಕೂ ಸೀಡರ್ ಮರದ ಕೈಕುರ್ಚಿ. ಚುನಾಯಿತರಾದ ನಾಲ್ವರಿಗೆ ಗೋಡೆಯ ಪಕ್ಕ ಕೈಯಿಲ್ಲದ ಬೆತ್ತದ ಕುರ್ಚಿ. ಅವರನ್ನು ಆರಿಸುತ್ತಿದ್ದವರೂ ಜಮೀನಿದ್ದವರೇ. ಇಪ್ಪತ್ತೆರಡು ವರ್ಷ ಕುರ್ಚಿ ಹಾಕಿದ್ದ ತೆಯೊಡ್ಯೂಲ್‌ಗೆ ಮತವಿರಲಿಲ್ಲ.

ತೋಟದ ಒಡೆಯರ ಕುರ್ಚಿಗಳ ಬೆನ್ನು ಮಿರಮಿರ ಹೊಳೆಯುತ್ತಿತ್ತು. ಕೈಗಳು ಮಾತ್ರ ಮಂಕು.

“ಮಾತಾಡಕ್ಕೆ ಏಳೋನು ಕುರ್ಚಿ ಕೈ ಊರಿ ಏಳ್ತಾನೆ, ಅದು ಸವೆದು ಹೊಳೆಯತ್ತೆ,” ಎಂದ. “ಇವ್ರು ಒರಗಿದ್ದೇ ಒರಗಿದ್ದು. ನಿದ್ದೆಗೆ ಇಷ್ಟು ಒಳ್ಳೇ ಮರ ಬೇಕಿತ್ತಾ?”

೧೯೫೧ರಲ್ಲಿ ಕಾನೂನು ಬದಲಾಯಿತು. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಮತ. ಅಧಿಕಾರಿಗಳು ಇಬ್ಬರು, ಹೆಸರಿಸಿದವರು ಮೂವರು, ಚುನಾಯಿತರು ಎಂಟು. ಓದು ಬಾರದವರಿಗೆಂದು ಮತಚೀಟಿಯಲ್ಲಿ ಚಿತ್ರಗಳಿದ್ದವು. ಅರವತ್ತೊಂದು ವರ್ಷದ ತೆಯೊಡ್ಯೂಲ್ ಮದುವೆಯ ಕೋಟು ತೊಟ್ಟು ಬಂದು ಲಾಟೀನಿನ ಮುಂದೆ ಗುರುತು ಹಾಕಿದ. ಅವನ ಹಿಂದೆಯೇ ನಾನೂ ಹಾಕಿದೆ. ಲಾಟೀನು ಗೆದ್ದಿತು. ಅಂದರೆ ಬಂದರಿನ ಹಮಾಲಿ ಫಿಲ್ಬರ್ ಗೆದ್ದ.

ಸಭೆಯ ಗುಮಾಸ್ತ ಪೆಲಮ್ ಬಂದು, “ಎಂಟು ಜನಕ್ಕೂ ಶಾಲೆಯಿಂದ ಬೆಂಚು ತರಿಸು. ಗೋಡೆ ಪಕ್ಕ ಹಾಕು,” ಎಂದರು.

“ಮೇಜು ಉದ್ದ ಇದೆ ಸಾರ್.”

“ಕೈಕುರ್ಚಿ ಎಲ್ಲಿದೆ?”

“ಅಧಿಕಾರಿಗಳದ್ದು ಒಂದು ಉಳೀತು. ಇನ್ನೇಳು ಮಾಡ್ತೀನಿ.”

“ಯಾರ ಅಪ್ಪಣೆ? ಕೆಲಸ ಹೋಗತ್ತೆ, ನೋಡ್ಕೋ.”

“ನಾನು ಆರಿಸಿದೋನು ಗೋಡೆ ಪಕ್ಕ ಕೂರಲ್ಲ ಸಾರ್.”

ತೆಯೊಡ್ಯೂಲ್ ತನ್ನ ಮನೆಯ ಬಾಗಿಲುಗಳಿಗೆಂದು ಒಣಗಿಸಿಟ್ಟಿದ್ದ ಸೀಡರ್ ಹಲಗೆಗಳನ್ನು ಕೊಯ್ದ. ಹದಿನಾರು ದಿನ ಹಿಡಿಯಿತು. ಉಜ್ಜಿ ನಯ ಮಾಡಿದವಳು ನಾನು. ಬೇಲಿಯಾಚೆಯ ಹೆಂಗಸು ಕೇಳಿದಳು, “ಏನಣ್ಣ, ರಾಜ ಬರ್ತಾನಾ?”

“ಇಲ್ಲಮ್ಮ, ಲಾಟೀನು ಬರ್ತಾನೆ.”

ಮೊದಲ ಸಭೆಯ ಬೆಳಿಗ್ಗೆ ಎಂಟು ಕೈಕುರ್ಚಿಗಳನ್ನೂ ಮೇಜಿಗೆ ಸೇರಿಸಿದೆವು. ಪೆಲಮ್ ಕೆಂಪಾದರು.

“ತೆಗಿ ಇವನ್ನ.”

“ಅವ್ರು ಕೂತ್ಮೇಲೆ ನೀವೇ ಎಬ್ಬಿಸಿ ಸಾರ್.”

ಎಂಟು ಜನ ಬಂದರು, ಕೂತರು. ಪೆಲಮ್ ಆಡಳಿತಾಧಿಕಾರಿಯ ಮುಖ ನೋಡಿದರು. ಅವರು ತಮ್ಮ ಕನ್ನಡಕ ಹುಡುಕುತ್ತಿದ್ದರು. ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಆಮೇಲೆ ಸಭೆಯೇ ಚುನಾಯಿತರಲ್ಲಿ ಮೂವರನ್ನು ಆರಿಸಿ, ಆಡಳಿತಾಧಿಕಾರಿಯ ಜೊತೆ ತೀರ್ಮಾನ ಮಾಡುವ ಒಳಕೋಣೆಯ ಮಂಡಳಿಗೆ ಕಳಿಸಿತು. ಅಲ್ಲಿ ಮಂಡಳಿ ಕೂಡಿದಾಗಲೆಲ್ಲ ಮೂರು ಕುರ್ಚಿಗಳನ್ನು ತೆಯೊಡ್ಯೂಲ್ ತಾನೇ ಹೊತ್ತು ಹಾಕುತ್ತಿದ್ದ.

ಮೂರು ವರ್ಷದ ಮೇಲೆ ಎದೆಯ ಕಾಯಿಲೆಯಿಂದ ಮಲಗಿದ. ಅವನ ಮನೆಯ ಬಾಗಿಲುಗಳಿಗೆ ಇನ್ನೂ ಗೋಣಿತಾಟೇ ಇತ್ತು. ಸಭೆ ಮುಗಿದ ಮಧ್ಯಾಹ್ನ ದೀವಿಹಲಸಿನ ಗಂಜಿ ಒಯ್ದೆ. ಮುಟ್ಟಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡ.

“ದಿನಾ ಒರೆಸ್ತೀಯಲ್ಲ ತಾಯಿ, ಸರಿಯಾಗಿ ನೆನೆಸ್ಕೊಂಡು ಹೇಳು. ನಮ್ಮೋರ ಕುರ್ಚಿ ಹೊಳೀತಿರೋದು ಕೈ ಮೇಲಾ, ಬೆನ್ನ ಮೇಲಾ?”