ಎಲ್ಲರ ಪಾಲಿನ ಉಪವಾಸ

ನಮ್ಮ ಅತ್ತೆಯನ್ನು ಎತ್ತುವುದು ನನ್ನ ಕೆಲಸ. ಆಕೆಯ ಮೊಣಕಾಲು ಹೋದಾಗಿನಿಂದ ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ, ಕಂಕುಳಿಗೆ ಕೈ ಹಾಕಿ ನಾನೇ ಎತ್ತಬೇಕು. ಒಬ್ಬ ಕೆಲಸದವಳನ್ನು ಇಟ್ಟುಕೊಳ್ಳೋಣವೆಂದರೆ ಹೊರಗಿನವರು ಮೈ ಮುಟ್ಟುವುದು ಆಕೆಗೆ ಆಗದು. ಕುರುಗೋಡಿನ ತವರಿನಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಬೆಳೆದ ತೋಳು ನನ್ನದು. ಸಿರುಗುಪ್ಪದ ಈ ಮನೆಗೆ ಅದು ಪುಕ್ಕಟೆ ಸಿಕ್ಕಿತ್ತು. ನನ್ನ ಕೈಯಲ್ಲಿ ಎತ್ತಿಸಿಕೊಳ್ಳುತ್ತಲೇ ಆಕೆ ನನ್ನನ್ನು ‘ಆನಿ’ ಎನ್ನುತ್ತಿದ್ದಳು. ಬಂದವರ ಮುಂದೆಯೂ ಎನ್ನುತ್ತಿದ್ದಳು.

ನನ್ನ ಸಕ್ಕರೆ, ತೂಕ ಎರಡೂ ಏರಿದಾಗ ಬಳ್ಳಾರಿಯ ಡಾಕ್ಟರಮ್ಮ ನನಗೆ ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ನನ್ನ ತೋಳು ಹಿಡಿದು ಒತ್ತಿ ನೋಡಿದರು. “ಇದು ಹಸಿವನ್ನ ಕಟ್ಟಿ ಹಾಕತೈತಮ್ಮ. ಸರಿಯಾಗಿ ಉಣ್ಣಲಿಲ್ಲ ಅಂದ್ರ ಕೊಬ್ಬಿನ ಜೋಡಿ ಈ ತೋಳೂ ಕರಗತೈತಿ. ಮೂರು ಹೊತ್ತೂ ಬ್ಯಾಳಿ, ಕಾಳು, ಮೊಸರು ಮೊದ್ಲು ತಿನ್ರಿ, ಅನ್ನ ಆಮ್ಯಾಲೆ. ಭಾರ ಎತ್ತೋ ವ್ಯಾಯಾಮ ಬಿಡಬ್ಯಾಡ್ರಿ.” ಭಾರ ಮನೆಯಲ್ಲೇ ಐತ್ರಿ ಎಂದು ನಾನು ನಕ್ಕೆ.

ಹಸಿವು ನಿಜವಾಗಿಯೂ ಸತ್ತಿತು. ನಾಲ್ಕು ತುತ್ತಿಗೆ ಸಾಕುಸಾಕಾಗುತ್ತಿತ್ತು. ಆ ನಾಲ್ಕು ತುತ್ತನ್ನು ಬೇಳೆಯಲ್ಲೇ ಮುಗಿಸುತ್ತಿದ್ದೆ. ನಮ್ಮದು ಅಕ್ಕಿ ಮಿಲ್ಲಿನ ಮನೆ. ಅಲ್ಲಿ ಅನ್ನ ಮುಟ್ಟದ ಸೊಸೆಯನ್ನು ಕಂಡು ಅತ್ತೆ, “ಬರೇ ಕಾಳು ತಿನ್ನಾಕ ನೀ ಏನು ಕುದುರಿಯೇನು?” ಎಂದಳು. ಆನೆಯಿಂದ ಕುದುರೆಗೆ ಇಳಿದೆನಲ್ಲ, ಔಷಧಿ ಹತ್ತಿದೆ ಎಂದುಕೊಂಡೆ.

ಆಮೇಲೆ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಒಬ್ಬರ ಉಪವಾಸವನ್ನು ಅವರ ಪರವಾಗಿ ಇನ್ನೊಬ್ಬರು ಹಿಡಿಯಬಹುದು. ಹಿಡಿಯುವವಳು ಯಾವಾಗಲೂ ಸೊಸೆ. ಅತ್ತೆಗೆ ಮಾತ್ರೆ ನುಂಗಬೇಕಾದ್ದರಿಂದ ಉಪವಾಸ ಆಗದು. “ನಿನಗ ಹೆಂಗೂ ಹಸಿವಿಲ್ಲ, ನನ್ನ ಸೋಮವಾರ ನೀನ ಹಿಡಿ,” ಎಂದಳು. ಅದನ್ನು ಕೇಳಿದ ಗಂಡನಿಗೆ ತನ್ನ ಗುರುವಾರ ನೆನಪಾಯಿತು. ಬಳ್ಳಾರಿಯ ನಾದಿನಿ ಫೋನಿನಲ್ಲೇ ತನ್ನ ಶನಿವಾರ ದಾಟಿಸಿದಳು. ಉಪವಾಸದ ದಿನ ಬೇಳೆಕಾಳು ನಡೆಯುವುದಿಲ್ಲ, ಸಾಬೂದಾನಿ, ಬಾಳೆಹಣ್ಣು ಅಷ್ಟೇ. ಅದನ್ನೂ ಎರಡು ಚಮಚಕ್ಕೆ ಬಿಟ್ಟು ಏಳುತ್ತಿದ್ದೆ. ಡಾಕ್ಟರಮ್ಮ ಹೇಳಿದ್ದನ್ನು ಗಂಡನಿಗೆ ಹೇಳಿದೆ. “ಹಸಿವು ಇದ್ದೋರಿಗೆ ಉಪವಾಸ ಕಷ್ಟ. ನಿನಗೇನು ಧಾಡಿ?” ಎಂದ. ಮೈ ಉರಿದುಹೋಯಿತು. ಆದರೂ ಹಿಡಿದೆ. ಒಲ್ಲೆ ಎಂದಿದ್ದರೆ ಆ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ನನ್ನ ತಲೆಗೇ ಕಟ್ಟುತ್ತಿದ್ದರು.

ಶ್ರಾವಣ ಮುಗಿದರೂ ಉಪವಾಸ ಮುಗಿಯಲಿಲ್ಲ. ಪುಣ್ಯ ಇಷ್ಟು ಸಸ್ತಾ ಸಿಗುವಾಗ ಯಾರು ಬಿಡುತ್ತಾರೆ? ತೂಕ ಇಳಿಯಿತು, ಓಣಿಯವರೆಲ್ಲ ಹೊಗಳಿದರು. ರವಿಕೆಯ ತೋಳು ಜೋತಾಡತೊಡಗಿದಾಗ ಮಾತ್ರ ನನಗೆ ಭಯವಾಯಿತು. ಗ್ಯಾಸ್ ಸಿಲಿಂಡರ್ ಸರಿಸಲಾಗದೆ ಅಡಿಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. “ಅತ್ತಿ, ನನ್ನ ಕೈಯಾಗ ಕಸುವಿಲ್ಲರಿ, ನಿಮ್ಮನ್ನ ಎತ್ತಾಕ ಆಗವಲ್ದು,” ಎಂದರೆ, “ಕಳ್ಳಾಟ ಬಿಡು. ಹಗುರಾಗೀದಿ, ಇನ್ನೂ ಚೊಲೋ ಎತ್ತಬೇಕು,” ಎಂದಳು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಆಕೆಯನ್ನು ಅರ್ಧ ಎತ್ತಿದ್ದೆ. ತೋಳು ನಡುಗಿತು, ತೊಡೆ ಕೈಕೊಟ್ಟಿತು, ಇಬ್ಬರೂ ಬಿದ್ದೆವು. ನನಗೆ ಮೊಣಕೈ ತರಚಿತು, ಆಕೆಗೆ ಸೊಂಟ ಮುರಿಯಿತು. ನೆಲದ ಮೇಲೆ ಬಿದ್ದುಕೊಂಡೇ ಆಕೆ ನನ್ನ ತವರನ್ನೆಲ್ಲ ಬೈದಳು. ನಾನು ಪಕ್ಕದಲ್ಲಿ ಬಿದ್ದುಕೊಂಡೇ ಕೇಳಿಸಿಕೊಂಡೆ.

ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮರುದಿನ ಆಕೆ ಕಣ್ಣು ಬಿಟ್ಟು ನನ್ನ ಕೈ ಹಿಡಿದುಕೊಂಡಳು. ತಪ್ಪಾಯಿತು ಅನ್ನುತ್ತಾಳೇನೋ ಎಂದು ನನ್ನ ಕಣ್ಣಲ್ಲಿ ನೀರು ಬಂತು.

“ನನ್ನ ಸೊಂಟ ಕೂಡೋತನಕ ಮಂಗಳವಾರನೂ ಹಿಡಿ,” ಎಂದಳು.

ಅಂದು ಸೋಮವಾರ. ನಾನು ಎದ್ದು ಕೆಳಗಿಳಿದು ಆಸ್ಪತ್ರೆ ಗೇಟಿನ ಎದುರಿನ ತಿಂಡಿ ಬಂಡಿಗೆ ಹೋದೆ. ಕೊರಳಲ್ಲಿ ಲಿಂಗವಿತ್ತು, ಹುಟ್ಟಿದಾಗಿನಿಂದ ಮುಟ್ಟದ ಕೋಳಿ ತತ್ತಿ ಕೈಯಲ್ಲಿತ್ತು. ಬೇಯಿಸಿದ ಎರಡು ತತ್ತಿ, ಉಪ್ಪು ಖಾರ ಹಚ್ಚಿದ್ದು. ಮೂಗು ಹಿಡಿದು ನುಂಗಿದೆ.

ಮೇಲೆ ಬಂದಾಗ, “ಬಾಯಿಗೆ ಏನೂ ಹಾಕ್ಕೊಂಡಿಲ್ಲ, ಹೌದಿಲ್ಲೋ?” ಎಂದಳು.

“ತತ್ತಿ ತಿಂದು ಬಂದ್ನಿರಿ ಅತ್ತಿ,” ಎಂದೆ. “ಒಂದು ನನ್ನ ಪಾಲಿಂದು. ಒಂದು ನಿಮ್ಮ ಪಾಲಿಂದು.”