ದರ್ಜಿ ಕೂತಿದ್ದ ಫರಸಿ

ಅಡುಗೆಮನೆಯಿಂದ ನಿಂಬೆ ಹೆಚ್ಚಿದ ವಾಸನೆ ಬಂದರೆ ಈಗಲೂ ನನ್ನ ಕಣ್ಣು ನೆಲದ ಕಡೆಗೆ ಹೋಗುತ್ತದೆ. ಮನೆಯವರು ಇದನ್ನು ವಯಸ್ಸಿನ ದೋಷ ಅಂದುಕೊಂಡಿದ್ದಾರೆ. ವಯಸ್ಸಿನದಲ್ಲ, ವಿದ್ಯೆಯದು. ನಿಮಗೆ ಮಾತ್ರ ಹೇಳುತ್ತೇನೆ.

ಅರವತ್ತರ ದಶಕದ ಮೊದಲಲ್ಲಿ ನಾನು ಇಂಡಿಯಲ್ಲಿ ವಿಜ್ಞಾನದ ಮಾಸ್ತರ. ಖಾಸೀಂಬಿ ಎಂಬ ಮುದುಕಿಯ ಮನೆಯಲ್ಲಿ ಬಾಡಿಗೆಗಿದ್ದೆ. ಅವ್ವಾ ಎಂದೇ ಕರೆಯುತ್ತಿದ್ದೆ. ಅವಳ ಪಡಸಾಲೆಗೆ ಹಾಸಿದ್ದು ತಾಳಿಕೋಟಿಯ ಫರಸಿಕಲ್ಲು. ಕಿಟಕಿಯ ಕೆಳಗಿನ ಒಂದು ಕಲ್ಲು ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ತೀರಿಹೋದ ಅವಳ ಗಂಡ ದರ್ಜಿ. ಕೈಮಷಿನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷ ಅಲ್ಲೇ ಕೂತಿದ್ದನಂತೆ. ಆ ಹೊಳಪು ಬಿಟ್ಟರೆ ಅವನದೆಂಬುದು ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಒಂದು ರವಿವಾರ ಅವ್ವ ಬಜಾರಕ್ಕೆ ಹೋಗಿದ್ದಳು. ಬೆಳಕು ಚೆನ್ನಾಗಿದೆಯೆಂದು ನಾನು ಕಿಟಕಿಯ ಕೆಳಗಿನ ಆ ಕಲ್ಲಿನ ಮೇಲೆ ಕೂತು ಪೇಪರು ತಿದ್ದುತ್ತಿದ್ದೆ. ಕೆಂಪು ಶಾಯಿಯ ದೌತಿ ಉರುಳಿ ಕಲ್ಲಿನ ಮೇಲೆಲ್ಲ ಚೆಲ್ಲಿತು. ನೀರಿಗೆ ಕಲೆ ಹೋಗಲಿಲ್ಲ. ಕಿಲುಬು ಹಿಡಿದ ತಾಮ್ರದ ಕೊಡವನ್ನು ಅವ್ವ ನಿಂಬೆಹೋಳಿನಿಂದ ತಿಕ್ಕಿ ಬೆಳಗುವುದು ನೆನಪಾಯಿತು. ಇಂಡಿಯಲ್ಲಿ ನಿಂಬೆಗೇನು ಬರ? ತಂದು ತಿಕ್ಕಿದೆ. ಸಣ್ಣಗೆ ನೊರೆ ಎದ್ದಿತು. ಕೊಳೆ ಬಿಡುತ್ತಿದೆಯೆಂದು ಹಿಗ್ಗಿ ಇನ್ನೊಂದು ಹೋಳು ತಂದೆ.

ಒರೆಸಿ ನೋಡಿದರೆ ಶಾಯಿಯೂ ಇಲ್ಲ, ಹೊಳಪೂ ಇಲ್ಲ. ತಟ್ಟೆಯಷ್ಟಗಲ ಬಿಳಿಚಿದ, ಒರಟು ಕಲೆ. ಅದೇ ವಾರ ಹುಡುಗರ ಮುಂದೆ ಸತುವಿನ ಚೂರಿಗೂ ಸುಣ್ಣಕಲ್ಲಿಗೂ ಆಮ್ಲ ಸುರಿದಿದ್ದೆ. ಸತುವಿನಿಂದ ಜಲಜನಕ ಬರುತ್ತದೆ, ಸುಣ್ಣಕಲ್ಲಿನಿಂದ ಇಂಗಾಲದ ಡೈಆಕ್ಸೈಡು, ಎರಡೂ ಕರಗುತ್ತವೆ ಎಂದು ಗಂಟಲು ಹರಿದುಕೊಂಡಿದ್ದೆ. ಫರಸಿಯೂ ಸುಣ್ಣದ ಕಲ್ಲೇ ಎಂಬುದು ತಲೆಗೆ ಬರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿದ್ದದ್ದು ಆ ಒಕ್ಕಾಲಷ್ಟೇ.

ಅವ್ವ ಬಂದಳು. ಕಲ್ಲಿನ ಮೇಲೆ ಅಂಗೈ ಆಡಿಸಿದಳು.

"ಅವ್ವಾ, ಹೊಸಾ ಕಲ್ಲ ಹಾಕಸ್ತೇನಿ," ಎಂದೆ.

"ಹೊಸಾ ಕಲ್ಲಿನ ಮ್ಯಾಲ ಅವ್ರು ಯಾವಾಗ ಕುಂತಿದ್ರರೀ ಮಾಸ್ತರ?"

ನಾಚಿಕೆಗಿಂತ ಹೆಚ್ಚಾಗಿ ದುಃಖವೇ ಆಯಿತು. ಕಣ್ಣು ಒರೆಸಿಕೊಂಡೆ.

"ಅಳೂದ ಬ್ಯಾಡ. ನಾಳಿಂದ ಪೇಪರ ಇಲ್ಲೇ ಕುಂತ ತಿದ್ರಿ. ಕುಂತ್ರ ಹೊಳಪ ಬರತೈತಿ."

ಮೂರು ವರ್ಷ ಕೂತೆ. ಧೋತರ ಸವೆಯಿತು, ಕಲ್ಲು ಅಂಚಿನಲ್ಲಿ ಮಾತ್ರ ತುಸು ನುಣುಪಾಯಿತು. ಸಿಂದಗಿಗೆ ವರ್ಗವಾದ ದಿನ ಟ್ರಂಕು ಹೊರಗಿಟ್ಟು ತಿರುಗಿ ನೋಡಿದರೆ ಅವ್ವ ಆ ಕಲ್ಲಿನ ಮೇಲೆ ತಾನೇ ಕೂತಿದ್ದಳು.

"ಅವರಷ್ಟ ಆಗ್ಲಿಲ್ಲ ಬಿಡ್ರಿ. ಉಳದದ್ದ ನಾ ಕುಂತ ಮುಗಸ್ತೇನಿ. ನೀವ ಹೋಗಿ ಬರ್ರಿ."

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಎಂದು ಇಷ್ಟು ವರ್ಷ ಕೊರಗಿದ್ದೆ. ಇವತ್ತು ನಿಮಗೆ ಹೇಳುತ್ತಾ ಹೇಳುತ್ತಾ, ಗಂಡ ಕೂತ ಜಾಗದಲ್ಲೇ ಅವಳು ನನ್ನನ್ನು ಕೂರಿಸಿದ್ದಳೆಂಬುದು ಹೊಳೆದು ಆ ಕೊರಗು ಬಿಟ್ಟಿತು.